ಎಡಗಡೆ ಗಾಲಿಯ ಸಪ್ಪಳ

ನವನಗರ, ಹುಬ್ಬಳ್ಳಿ
ರವಿವಾರ, ೧೮ ಜನವರಿ ೨೦೨೬
ಅವರಾತ್ರಿ ಅಮಾವಾಸ್ಯೆ

ಪ್ರೀತಿಯ ಗೀತಾ,

ನಿನಗೂ ನಿನ್ನ ಮಕ್ಕಳಿಗೂ ನಿನ್ನ ವೈನಿ ದ್ರಾಕ್ಷಾಯಿಣಿಯ ಆಶೀರ್ವಾದ. ಕೈಯಲ್ಲಿ ಫೋನು ಇಟ್ಟುಕೊಂಡು ಕಾಗದ ಬರೆಯುತ್ತಾಳಲ್ಲ, ಇವಳಿಗೇನು ಧಾಡಿ ಬಂತು ಎಂದು ನಗಬೇಡ. ಹಗಲೆಲ್ಲ ನಿನ್ನ ಫೋನು ಅವ್ವನ ಮಡಿಲಲ್ಲೇ ಇರುತ್ತದೆ ಎಂದು ನೀನೇ ಹೇಳಿದ್ದೀ. ನಿನ್ನನ್ನು ಹೆತ್ತವಳು, ನನಗೆ ಅತ್ತೆ. ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದ ಮೇಲೆ ಕಿವಿ ಎಷ್ಟು ಚುರುಕಾಗಿದೆ ಎಂಬುದು ನಿನಗೆ ನಾನು ಹೇಳಬೇಕೇ? ನೀನು ಫೋನು ಕಸಿದುಕೊಂಡು ಹಿತ್ತಲಿಗೆ ಹೋದರೂ ಅವಳಿಗೆ ಕೇಳಿಸುತ್ತದೆ. ಇದು ಅವಳಿಗೆ ಕೇಳಿಸಬಾರದು. ಮೆಕ್ಯಾನಿಕ್ ಅಯಾಜನ ಹೆಂಡತಿ ಆರ್ಜೂ ಇವತ್ತು ಸಂಜೆಯ ಬಸ್ಸಿಗೆ ನಿಮ್ಮ ಗದಗಿನಲ್ಲೇ ಇರುವ ತವರಿಗೆ ಹೊರಟಿದ್ದಾಳೆ. ಅವಳ ಕೈಯಲ್ಲೇ ಕೊಡುತ್ತೇನೆ. ಒಬ್ಬಳೇ ಕೂತು ಓದು.

ಹೋದ ವಾರ ನೀನು ಒಂದು ಪ್ರಶ್ನೆ ಕೇಳಿದ್ದೆ. "ವೈನಿ, ದಿನಾ ಮಧ್ಯಾಹ್ನ ಫೋನ್ ಮಾಡಿ ಅವ್ವಗ ಏನು ಹೇಳ್ತೀರಿ? ನಿಮ್ಮ ಫೋನ್ ಬರೋತನಕಾ ತುತ್ತು ಮುಟ್ಟಂಗಿಲ್ಲ. ಬಂದ ಮ್ಯಾಲ ತಾನ ಎದ್ದು ತಾಟ ಕೇಳ್ತಾಳ. ಹಂಥಾ ಮಂತ್ರ ನಮಗೂ ಒಂದು ಹೇಳ್ರಿ" ಎಂದು ನಕ್ಕಿದ್ದೆ. ನಾನು ಮಾತು ಹಾರಿಸಿಬಿಟ್ಟೆ. ಈಗ ಹೇಳುತ್ತೇನೆ ಕೇಳು. ನಾನು ಅವ್ವನಿಗೆ ಏನನ್ನೂ ಹೇಳುತ್ತಿರಲಿಲ್ಲ ಗೀತಾ. ಒಂದು ಮಾತನ್ನೂ ಆಡುತ್ತಿರಲಿಲ್ಲ.

ಇದು ತಿಳಿಯಬೇಕಾದರೆ ನಿಮ್ಮಣ್ಣನ ಬಿಳಿ ಕಾರಿನ ಕಥೆ ಹೇಳಬೇಕು. ನೀನು 'ಆ ಸುಡುಗಾಡು ಗಾಡಿ ಮಾರಿಬಿಡ್ರಿ' ಅನ್ನುತ್ತೀಯಲ್ಲ, ಅದೇ. ಅದರ ಮುಂದಿನ ಗಾಲಿಗಳನ್ನು ತಿರುಗಿಸುವುದು ಆಕ್ಸಲ್ ಅನ್ನುವ ಕಬ್ಬಿಣದ ದಂಡ. ಆ ದಂಡ ಗಾಲಿಗೆ ಕೂಡುವಲ್ಲಿ ಒಂದು ಕೀಲಿದೆ. ಕೀಲಿಗೆ ಗ್ರೀಸ್ ತುಂಬಿ, ಮೇಲೆ ಮಡಿಕೆ ಮಡಿಕೆಯ ಕರಿ ರಬ್ಬರಿನ ಚೀಲ ತೊಡಿಸಿ, ಎರಡೂ ತುದಿಗೆ ತಗಡಿನ ಪಟ್ಟಿ ಬಿಗಿದಿರುತ್ತಾರೆ. ಅದಕ್ಕೆ ಬೂಟ್ ಅನ್ನುತ್ತಾರೆ. ಬೂಟ್ ಹರಿದರೆ ಗ್ರೀಸ್ ಹೊರಗೆ ಚಿಮ್ಮುತ್ತದೆ, ಧೂಳು ಒಳಗೆ ಸೇರುತ್ತದೆ, ಕೀಲು ಸವೆಯುತ್ತದೆ. ಸವೆದ ಕೀಲು, ಗಾಡಿ ಒಂದು ಕಡೆ ಪೂರಾ ತಿರುಗಿದಾಗ ಟಕ್ ಟಕ್ ಟಕ್ ಎಂದು ಬಡಿದುಕೊಳ್ಳುತ್ತದೆ. ನಮ್ಮ ಮನೆಯ ಗೇಟಿನೊಳಗೆ ಬರಬೇಕಾದರೆ ಸ್ಟೇರಿಂಗನ್ನು ಬಲಕ್ಕೆ ಕೊನೆಯತನಕ ತಿರುಗಿಸಲೇಬೇಕಲ್ಲ, ಅಲ್ಲೇ ಎಡಗಡೆ ಗಾಲಿ ಬಾಯಿ ಬಿಡುತ್ತಿತ್ತು.

ನಿಮ್ಮಣ್ಣ ಇದ್ದಾಗಲೂ ಆ ಎಡಗಡೆ ಬೂಟ್ ಪದೇ ಪದೇ ಹರಿಯುತ್ತಿತ್ತು. ತಾರಿಹಾಳದಲ್ಲಿ ಕಬ್ಬಿಣ ಕಡೆಯುವ ನಮ್ಮ ಲೇಥಿನ ಶೆಡ್ಡಿಗೆ ಹೊಂದಿಕೊಂಡೇ ಅಯಾಜನ ಗ್ಯಾರೇಜು. ಅವನು ಹೊಸದು ಹಾಕುವುದು, ಅದು ಹರಿಯುವುದು. ಕೊನೆಗೆ ನಿಮ್ಮಣ್ಣನೇ ಬದಲಿಸುವುದನ್ನು ಸಾಕು ಮಾಡಿಬಿಟ್ಟರು. ಅಯಾಜ ಬೈದರೆ, "ಇರಲಿ ಬಿಡೋ ತಮ್ಮಾ. ಅವ್ವಗ ಕಣ್ಣ ಕಾಣಂಗಿಲ್ಲ. ಆ ಸಪ್ಪಳಾ ಕೇಳಿದ್ರ ನಾ ಬಂದೆ ಅಂತ ಗೊತ್ತಾಗ್ತೈತಿ" ಅನ್ನುತ್ತಿದ್ದರು. ಖರೇ ಮಾತು. ಗೇಟಿನಲ್ಲಿ ಟಕ್ ಟಕ್ ಕೇಳಿತೋ ಇಲ್ಲವೋ, ಅವ್ವ ಒಳಗಿನಿಂದ "ಬಂದಾ ನೋಡ, ನೀಡ" ಎಂದು ಕೂಗುತ್ತಿದ್ದಳು. ರೊಟ್ಟಿ ಹಂಚಿನ ಮೇಲಿರಲಿ, ಹಿಟ್ಟು ಪರಾತದಲ್ಲೇ ಇರಲಿ, ಅವಳಿಗೆ ಅದೆಲ್ಲ ಬೇಕಿರಲಿಲ್ಲ. ಮಗ ಬಂದ, ನೀಡಬೇಕು. ನನಗೆ ಸಿಟ್ಟು ಬಂದು "ಅತ್ತೀ, ಅವರು ಇಳದಾರ ಬರಲಿ" ಎಂದರೆ, "ಗಾಡಿ ಬಂತಂದ್ರ ಇಳದಂಗ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ನಿಮ್ಮಣ್ಣ ಹೋದ ದಿನ ಸೋಮವಾರ. ಸೋಮವಾರ ಊಟವಾದ ಮೇಲೆ ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಆರೂಢರ ಮಠಕ್ಕೆ ಹೋಗಿಬರುವುದು ನಿಮ್ಮಣ್ಣನ ಪದ್ಧತಿ. ಬೆಳಿಗ್ಗೆ ಹೋಗುವಾಗ, "ಅವ್ವಾ, ತಯಾರಾಗಿ ಕುಂದರು. ಉಂಡು ಹೋಗೂಣು" ಎಂದು ಹೇಳಿ ಹೋದರು. ಅವ್ವ ಹಸಿರು ಇಳಕಲ್ ಸೀರೆ ಉಟ್ಟು ಪಡಸಾಲೆಯಲ್ಲಿ ಕೂತಿದ್ದಳು. ಲೇಥಿನ ಮುಂದೆ ಎದೆ ಹಿಡಿದುಕೊಂಡು ಕುಸಿದದ್ದು, ಪಕ್ಕದ ಶೆಡ್ಡಿನವರ ಗಾಡಿಯಲ್ಲಿ ದವಾಖಾನೆಗೆ ಒಯ್ದದ್ದು, ಅಲ್ಲಿ ಮುಗಿದುಹೋದದ್ದು ನಿನಗೆ ಗೊತ್ತಿದೆ. ನಿನಗೆ ಗೊತ್ತಿಲ್ಲದ್ದು ಇದು. ನಮಗೆ ಸುದ್ದಿ ಮುಟ್ಟಿಸಲು ಅಯಾಜ ಆ ಬಿಳಿ ಕಾರನ್ನೇ ತಂದ. ಊಟದ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ಟಕ್ ಟಕ್ ಟಕ್. ಅವ್ವ "ಬಂದಾ ನೋಡ, ನೀಡ" ಎಂದಳು. ನಾನು ನೀಡಿಟ್ಟೆ. ರೊಟ್ಟಿ, ಬದನಿಕಾಯಿ ಎಣಗಾಯಿ, ಮೊಸರು. ಅಯಾಜ ಕೀಲಿಕೈ ಹಿಡಿದು ಹೊಸ್ತಿಲಲ್ಲೇ ನಿಂತ. ಅವನ ಮುಖ ನೋಡಿಯೇ ತಿಳಿದು, ನೀಡಿದ ತಾಟಿಗೆ ಮತ್ತೊಂದು ತಾಟು ಮುಚ್ಚಿದೆ. ಅವ್ವ ಮಾತ್ರ ಗೇಟಿನ ಕಡೆ ಕಿವಿ ಇಟ್ಟುಕೊಂಡು, "ಗಾಡಿ ಬಂತಲ್ಲಾ, ಅಂವ ಯಾಕ ಇಳೀಲಿಲ್ಲ?" ಎಂದು ಕೇಳುತ್ತಿದ್ದಳು.

ಹೆಣ ಮನೆಗೆ ಬಂತು, ಅವ್ವ ಮುಖ ಮುಟ್ಟಿ ನೋಡಿದಳು, ಮಣ್ಣು ಕೊಟ್ಟೆವು, ಎಲ್ಲ ಆಯಿತು. ಆದರೆ ಅವ್ವ ಒಪ್ಪಲಿಲ್ಲ ಗೀತಾ. ನೀನು ಅವಳಿಗೆ ಅರಳುಮರಳು ಎಂದೆ. ಹಾಗಲ್ಲ. ಅವಳ ಲೆಕ್ಕ ಬೇರೆ. ಗಾಡಿ ಬಂದದ್ದು ಅವಳು ಕೇಳಿದ್ದಾಳೆ, ಇಳಿದದ್ದು ಕೇಳಿಲ್ಲ. ಅಂದಮೇಲೆ ಮಗ ಇನ್ನೂ ಗಾಡಿಯಲ್ಲೇ ಇದ್ದಾನೆ.

ದಿನಕರ್ಮ ಮುಗಿದ ಮೇಲೆ ಲೇಥು ನಾನು ನೋಡಿಕೊಳ್ಳತೊಡಗಿದೆನಲ್ಲ, ಅದೇ ಕಾರಿನಲ್ಲಿ ಹೋಗಿಬರುತ್ತಿದ್ದೆ. ಪಾಪ ಅಯಾಜ, ಅಣ್ಣನ ಗಾಡಿ ಎಂದು ಹೊಸ ಆಕ್ಸಲ್ ಹಾಕಿ, ಹೊಸ ಬೂಟ್ ತೊಡಿಸಿ ಬೆಣ್ಣೆಯಂತೆ ಮಾಡಿಕೊಟ್ಟ. ಮಧ್ಯಾಹ್ನ ಮನೆಗೆ ಬಂದರೆ ಅವ್ವ, "ಯಾರದ ಗಾಡಿ ಬಂತು?" ಎಂದು ಹೆದರಿ ಕೇಳಿದಳು. ಅವತ್ತಿನಿಂದ ಮಧ್ಯಾಹ್ನದ ಊಟ ಬಿಟ್ಟಳು. ಸಕ್ಕರೆ ಕಾಯಿಲೆಯವಳು, ಗುಳಿಗೆ ನುಂಗಿ ಹಸಿದು ಕೂತರೆ ಗತಿ ಏನು? ಒಮ್ಮೆ ಪಡಸಾಲೆಯಲ್ಲೇ ಬವಳಿ ಬಂದು ಬಿದ್ದಳು. ಬಾಯಿ ತೆಗೆಸಿ ಸಕ್ಕರೆ ಹಾಕಿ ಎಬ್ಬಿಸಿದೆ. 

ಆಮೇಲೆ ಹೊಸ ಬೂಟೂ ಹರಿಯಿತು. ಅದೂ ಎಡಗಡೆಯದೇ. ಸಪ್ಪಳ ತಿರುಗಿ ಬಂತು, ಅವ್ವ ಉಂಡಳು. ಅಯಾಜ ಬದಲಿಸಿ ಹೊಸ ಗ್ರೀಸ್ ತುಂಬಿದ, ಸಪ್ಪಳ ಅಡಗಿತು, ಅವ್ವ ತಾಟು ಸರಿಸಿದಳು. ಮತ್ತೆ ಹರಿಯಿತು. ಅಯಾಜ ಮೊದಲು ರಸ್ತೆಯ ಉಬ್ಬಿಗೆ ಬೈದ, ಆಮೇಲೆ ರಬ್ಬರಿಗೆ ಬೈದ, ಆಮೇಲೆ ಹೆಗ್ಗಣ ಎಂದ. ಹೆಗ್ಗಣಕ್ಕೆ ಬಲಗಡೆಯದು ಯಾಕೆ ರುಚಿಸುವುದಿಲ್ಲ ಎಂದು ನಾನು ಕೇಳಿದೆ. ಒಂದು ದಿನ ಬಿಚ್ಚಿದ ಬೂಟನ್ನು ನನ್ನ ಕೈಗೇ ಕೊಟ್ಟ. "ಅಕ್ಕಾರ, ಇದು ಹರದದ್ದಲ್ಲರಿ, ಕೊಯ್ದದ್ದು" ಎಂದ. ಮಡಿಕೆಯ ತುದಿಯಲ್ಲಿ ಅರ್ಧಚಂದ್ರದ ಹಾಗೆ ಒಂದು ತುಣುಕು ಹೋಗಿತ್ತು. ಆ ಆಕಾರ ನಾನು ಇಪ್ಪತ್ತು ವರ್ಷದಿಂದ ಪಡಸಾಲೆ ಗುಡಿಸುವಾಗ ನೋಡುತ್ತ ಬಂದದ್ದು. ಅವ್ವ ಅಡಕೊತ್ತಿನಲ್ಲಿ ಕತ್ತರಿಸಿದ ಅಡಿಕೆಯ ಚೂರು ಹಾಗೇ ಇರುತ್ತದೆ. ಅಯಾಜನಿಗೆ, ಇನ್ನೊಂದು ಹೊಸದು ಹಾಕು ಎಂದೆ.

ಮರುದಿನ ಉಂಡು ಹಿತ್ತಲಿಗೆ ಹೋದಂತೆ ಮಾಡಿ ಕಿಟಕಿಯಿಂದ ನೋಡಿದೆ. ಅವ್ವ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಕಾರಿನ ಮೈ ಸವರುತ್ತ ಎಡಗಡೆ ಗಾಲಿಯ ಹತ್ತಿರ ಕೂತಳು. ಹೊರಳಿ ನಿಂತ ಗಾಲಿಯ ಹಿಂದಿನ ಸಂದಿನಲ್ಲಿ ಮೊಣಕೈತನಕ ಕೈ ಹಾಕಿ, ಮತ್ತೊಂದು ಕೈಯಲ್ಲಿ ಅಡಕೊತ್ತು ಹಿಡಿದು, ಮೆಲ್ಲಗೆ ಮಾತಾಡುತ್ತಿದ್ದಳು. ಸಣ್ಣ ಮಗುವಿಗೆ ಉಣ್ಣಿಸುವಾಗ ಆಡುವ ಮಾತು. ನಡುನಡುವೆ ಸುಮ್ಮನಾಗಿ ಕಿವಿಗೊಡುತ್ತಿದ್ದಳು, ಆಮೇಲೆ "ಹೂಂ, ಹೂಂ" ಅನ್ನುತ್ತಿದ್ದಳು.  ನಾನು ಹತ್ತಿರ ಹೋಗಿ ನಿಂತೆ. ಅವಳು ಹೆದರಲಿಲ್ಲ, ನಾಚಲಿಲ್ಲ. "ಸತ್ತವರ ಬಾಯಿಗೆ ಅರಿವಿ ಕಟ್ಟಿದಂಗ ಇದರ ಬಾಯಿ ಬಿಗದ ಕಟ್ಟ್ಯಾರ ನೋಡವಾ. ಅಂವ ಹ್ಯಾಂಗ ಒದರಬೇಕು?" ಎಂದಳು. ನಿಮ್ಮಣ್ಣ ಏನು ಹೇಳಿದರು ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ. "ಒಳಗ ಕತ್ತಲಿ ಐತಂತ. ಬಾಗಲಾ ಸಿಗವಲ್ದಂತ" ಎಂದಳು.

ನೀನು ನನ್ನ ಜಾಗದಲ್ಲಿದ್ದರೆ ಅಡಕೊತ್ತು ಕಸಿದುಕೊಳ್ಳುತ್ತಿದ್ದೆ. ನಾನು ಅವಳ ಕೈ ತೊಳೆಸಿ, ಒಳಗೆ ಕರೆದುಕೊಂಡು ಹೋಗಿ ಮಲಗಿಸಿದೆ. ಮರುದಿನದಿಂದ ಗಾಡಿ ನಿಲ್ಲಿಸುವಾಗ ಗಾಲಿಯನ್ನು ನೆಟ್ಟಗೆ ಮಾಡದೆ ಪೂರಾ ಬಲಕ್ಕೆ ಹೊರಳಿಸಿಯೇ ಬಿಡುತ್ತಿದ್ದೆ, ಅವಳ ಕೈ ಸಲೀಸಾಗಿ ಹೋಗಲಿ ಎಂದು. ಒಂದು ರಬ್ಬರಿನ ಚೀಲ ಹರಿದರೆ ಒಂದು ಜೀವ ಉಣ್ಣುತ್ತದೆ ಅಂದರೆ ಹರಿಯಲಿ. ಮಂದಿ ಅಮಾವಾಸ್ಯೆಗೆ ಗಾಡಿಯ ಗಾಲಿಗೆ ನಿಂಬೆಹಣ್ಣು ಇಡುವುದಿಲ್ಲವೇ? ನಾವು ಬೂಟ್ ಇಟ್ಟೆವು ಎಂದುಕೊಂಡೆ.

ದೀಪಾವಳಿಗೆ ಬಂದಾಗ ನೀನು ಅವ್ವನ ಸೆರಗಿನ ಮೇಲೆ ಗ್ರೀಸ್ ನೋಡಿ ಮನೆ ಎರಡು ಮಾಡಿದೆ. ಕುರುಡಿಯನ್ನು ಕಾರಿನ ಕೆಳಗೆ ಬಿಟ್ಟು ಸೊಸೆ ಲೇಥು ತಿರುಗಿಸುತ್ತಾಳೆ ಎಂದು ಓಣಿಗೆಲ್ಲ ಕೇಳುವಂತೆ ಅಂದೆ. ಆಡಿಕೊಳ್ಳುವವರ ಮುಂದೆ ನಾನು ಎಡವಿ ಬಿದ್ದ ಹಾಗಾಯಿತು. ಆ ಸಿಟ್ಟು ಇನ್ನೂ ಆರಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನಿನ್ನ ಹೆದರಿಕೆಯೂ ಸುಳ್ಳಲ್ಲ ಎಂದು ಅವ್ವನನ್ನು ನಿನ್ನ ಜೊತೆ ಕಳಿಸಿಕೊಟ್ಟೆ. ಅವಸರದಲ್ಲಿ ಅವಳ ಅಡಕೊತ್ತು ಇಲ್ಲೇ ಉಳಿಯಿತು.

ಗದಗಿಗೆ ಹೋದ ಮೇಲೂ ಅವ್ವ ಮಧ್ಯಾಹ್ನ ಉಣ್ಣಲೊಲ್ಲಳು ಎಂದು ನೀನು ಫೋನಿನಲ್ಲಿ ಅತ್ತಿದ್ದೆಯಲ್ಲ, ಅವತ್ತು ನಾನೇ ಅಂಗಳಕ್ಕೆ ಇಳಿದೆ. ಹೌದು, ಆಮೇಲಿನ ಬೂಟ್ ಕೊಯ್ದವಳು ನಾನು. ಅವ್ವನ ಅಡಕೊತ್ತಿನಲ್ಲೇ ಕೊಯ್ದೆ. ತಾರಿಹಾಳದ ಧೂಳು ಒಳಗೆ ಸೇರಿ, ಸ್ವಲ್ಪ ದಿನಕ್ಕೆ ಸಪ್ಪಳ ಬಂತು. ಮಧ್ಯಾಹ್ನ ಗೇಟಿನಲ್ಲಿ ಹೊರಳುವ ಮುಂಚೆ ನಿನ್ನ ನಂಬರಿಗೆ ಫೋನು ಮಾಡುತ್ತಿದ್ದೆ. ಅವ್ವ "ಹೂಂ" ಅನ್ನುತ್ತಿದ್ದಳು. ನಾನು ಎಡಗಡೆ ಕಿಟಕಿ ಇಳಿಸಿ, ಫೋನನ್ನು ಆ ಕಡೆಗೆ ಚಾಚಿ, ಸ್ಟೇರಿಂಗ್ ಹೊರಳಿಸುತ್ತಿದ್ದೆ. ಇದೇ ನನ್ನ ಮಂತ್ರ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹೋದ ಮಂಗಳವಾರ ಗಾಡಿ ನಿಲ್ಲಿಸಿ, ಕೀಲಿಕೈ ತೆಗೆದು, ಫೋನು ಇಟ್ಟು ಸುಮ್ಮನೆ ಕೂತಿದ್ದೆ. ಗಾಲಿ ತಿರುಗುತ್ತಿರಲಿಲ್ಲ. ಆಗ ಎಡಗಡೆಯಿಂದ ಮತ್ತೊಂದು ಟಕ್ ಎಂದಿತು. ಕಾದ ಕಬ್ಬಿಣ ಆರುವಾಗ ಸಪ್ಪಳ ಮಾಡುತ್ತದೆ. ಲೇಥಿನ ಮನೆಯವಳಿಗೆ ಅಷ್ಟು ಗೊತ್ತಿಲ್ಲವೇ? ಗೊತ್ತಿದೆ. ಆದರೂ ನಾನು ಮೊದಲು ಇಳಿಯಬಾರದು ಅನ್ನಿಸಿ ಬಹಳ ಹೊತ್ತು ಕೂತೇ ಇದ್ದೆ.

ಗುರುವಾರ ಅಯಾಜ ಗಾಡಿ ಎತ್ತಿ ನೋಡಿ ತಲೆ ಮೇಲೆ ಕೈ ಹೊತ್ತ. "ಅಕ್ಕಾರ, ಕೀಲು ಪೂರಾ ತಿಂದು ಹೋಗೇತ್ರಿ. ಬೈಪಾಸಿನ್ಯಾಗ ಬಿಚ್ಚಿಕೊಂಡ್ರ ಹಿಂದಿನ ಲಾರಿ ನಿಮ್ಮ ಮ್ಯಾಲ ಬರ್ತೈತಿ. ಅಣ್ಣನ್ನ ಕಳಕೊಂಡದ್ದ ಸಾಕ್ರಿ" ಎಂದವನು, ಗಾಲಿ ಬಿಚ್ಚಿ, ಆಕ್ಸಲನ್ನು ಹೊರಗೆ ಎಳೆದು ಬೆಂಚಿನ ಮೇಲೆ ಇಟ್ಟ. ಹೊಸ ಕೀಲು ಬರುವತನಕ ಗಾಡಿ ಕೊಡುವುದಿಲ್ಲ ಎಂದು ಕೀಲಿಕೈ ತನ್ನ ಜೇಬಿಗೆ ಹಾಕಿಕೊಂಡ. ಅವತ್ತಿನಿಂದ ನಾನು ಬಸ್ಸಿನಲ್ಲಿ ಹೋಗಿಬರುತ್ತಿದ್ದೇನೆ. ಫೋನು ಮಾಡಿಲ್ಲ. ಮಾಡಿ ಏನು ಕೇಳಿಸಲಿ? ಅವ್ವ ಮಧ್ಯಾಹ್ನ ನೀರೂ ಮುಟ್ಟುತ್ತಿಲ್ಲ, ಎದ್ದು ನಿಂತರೆ ಕಾಲು ನಡುಗುತ್ತಿವೆ ಎಂದು ನಿನ್ನೆ ನೀನು ಮೆಸೇಜು ಹಾಕಿದ್ದೆ.

ಅದಕ್ಕೇ ಬರೆಯುತ್ತಿದ್ದೇನೆ ಗೀತಾ. ಅವ್ವನನ್ನು ಕರೆತಂದು ಬಿಡು. ಜಗಳ ಸಾಕು. ಹೊಸ ಕೀಲು ಹಾಕಿಸುತ್ತೇನೆ, ಅವಳೇ ತನ್ನ ಕೈಯಾರೆ ಬೂಟ್ ಕೊಯ್ಯಲಿ, ನಾನು ಪಕ್ಕದಲ್ಲೇ ಕೂತಿರುತ್ತೇನೆ. ಸೆರಗಿಗೆ ಗ್ರೀಸ್ ಹತ್ತಿದರೆ ತೊಳೆಯುವವಳು ನಾನು ತಾನೇ? ಗಾಡಿ ಮಾರುವ ಮಾತು ಮಾತ್ರ ಇನ್ನು ಎತ್ತಬೇಡ. ಯಾರಾದರೂ ಕೊಂಡು ಒಯ್ದರೆ ಅವ್ವನ ಲೆಕ್ಕದಲ್ಲಿ ಯಾರನ್ನು ಒಯ್ದಂತೆ, ಯೋಚನೆ ಮಾಡು. ಅವಳು ಬದುಕಿರುವತನಕ ಆ ಟಕ್ ಟಕ್ ಈ ಮನೆಗೆ ಬೇಕು. ಅವಳಿಗೆ ಮಾತ್ರ ಬೇಕು ಎಂದು ಬರೆಯಲು ಹೊರಟಿದ್ದೆ. ನನ್ನ ಪೆನ್ನು ಅಲ್ಲೇ ನಿಂತಿತು.

ಮಕ್ಕಳಿಗೆ ಎಳ್ಳಿನ ಹೋಳಿಗೆ ಕಟ್ಟಿ ಆರ್ಜೂನ ಕೈಯಲ್ಲಿ ಕೊಟ್ಟಿದ್ದೇನೆ. ಅವ್ವನಿಗೆ ಒಂದು ಚೂರು ಕೊಡು, ಹೆಚ್ಚು ಬೇಡ.

ಎಂದೆಂದಿಗೂ ನಿನ್ನ ಹಿತ ಬಯಸುವ, ಎಷ್ಟು ಜಗಳವಾಡಿದರೂ ನಿನ್ನವಳೇ ಆದ
ವೈನಿ
ದ್ರಾಕ್ಷಾಯಿಣಿ

ತಾ.ಕ.: ಕಾಗದ ಮಡಿಚುವಾಗ ನಿನ್ನ ಮೆಸೇಜು ಬಂತು. "ವೈನಿ, ಇವತ್ತ ಫೋನ್ ಮಾಡಿ ಛಲೋ ಮಾಡಿದ್ರಿ. ಅವ್ವ ಹೊಟ್ಟಿತುಂಬ ಉಂಡ್ಲು. 'ಇವತ್ತ ಇಳದಾ, ಬಾಗಲಾ ಹಾಕಿದ ಸಪ್ಪಳಾ ಕೇಳಿಸ್ತು' ಅಂತ ನಗಾಕತ್ತಾಳ. ನಾಳೆ ತಯಾರಾಗಿ ಕುಂದರು ಅಂತ ಹೇಳ್ಯಾನಂತ. ಹಸರ ಇಳಕಲ್ ಸೀರಿ ತಗದ ಕೊಡು ಅಂತ ಗಂಟಬಿದ್ದಾಳ" ಎಂದು ಬರೆದಿದ್ದೀ.

ಗೀತಾ, ನಾನು ಇವತ್ತು ಫೋನು ಮಾಡಿಲ್ಲ. ಅಯಾಜನನ್ನು ಕೇಳಿದೆ, ಗಾಡಿ ಅವನ ಶೆಡ್ಡಿನಲ್ಲೇ ಇದೆ, ಎಡಗಡೆ ಗಾಲಿ ಇಲ್ಲದೆ, ಬೀಗದೊಳಗೆ. ಯಾರ ನಂಬರಿನಿಂದ ಬಂದಿತ್ತು ನೋಡು ಎಂದು ಬರೆಯಬೇಕೆಂದಿದ್ದೆ. ಬೇಡ, ನೋಡಬೇಡ. ನಿನಗೆ ಫೋನು ಮಾಡಲೂ ನನಗೆ ಧೈರ್ಯವಿಲ್ಲ, ರಿಂಗಾದರೆ ಅವ್ವ ಎದ್ದು ಬಾಗಿಲಿಗೆ ಹೋಗುತ್ತಾಳೆ. 'ಅವ್ವನ ಕೈಗೆ ಫೋನ್ ಕೊಡಬೇಡ' ಎಂದಷ್ಟೇ ಮೆಸೇಜು ಹಾಕಿದ್ದೇನೆ. ನಾಳೆ ಸೋಮವಾರ, ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವ ದಿನ. ಸೀರೆ ತೆಗೆದುಕೊಡಬೇಡ. ಅವಳನ್ನು ಇಲ್ಲಿಗೆ ಕರೆತರಲೂ ಬೇಡ, ಮೇಲೆ ಬರೆದದ್ದನ್ನು ಮರೆತುಬಿಡು. ಮಧ್ಯಾಹ್ನ ಅವಳ ಪಕ್ಕದಲ್ಲೇ ಕೂತಿರು, ಹೊರಗೆ ಯಾವ ಸಪ್ಪಳವಾದರೂ ಅವಳ ಕೈ ಬಿಡಬೇಡ.

ನಾನೂ ಆರ್ಜೂನ ಜೊತೆ ಬಂದುಬಿಡಬೇಕು ಎಂದು ಚಪ್ಪಲಿ ಮೆಟ್ಟಿದ್ದೆ. ಬಿಚ್ಚಿಟ್ಟೆ. ಇಳಿದದ್ದು ಖರೇ ಆಗಿದ್ದರೆ, ನಿಮ್ಮಣ್ಣ ಮೊದಲು ಊಟಕ್ಕೆ ಮನೆಗೇ ಬರುತ್ತಾರೆ. ನೀಡಲು ಯಾರಾದರೂ ಇರಬೇಕಲ್ಲ. ಬದನಿಕಾಯಿ ತಂದಿಟ್ಟಿದ್ದೇನೆ. ನೀನು ಅಲ್ಲಿ ಬಾಗಿಲು ಭದ್ರ ಮಾಡಿಕೊ. ಇಲ್ಲಿ ನಾನು ಗೇಟು ತೆಗೆದಿಡುತ್ತೇನೆ.